ಆಳಂದ ಹುಡುಕಿದರೆ ಫಿನ್ಲೆಂಡ್

ಇಂಗ್ಲಿಷ್ ಅಕ್ಷರಗಳಲ್ಲಿ ‘ಆಳಂದ’ ಎಂದು ಬರೆದು ಅಂತರ್ಜಾಲದಲ್ಲಿ ಹುಡುಕುವವರಿಗೆ ತೊಗರಿ ಹೊಲಗಳ ಬದಲು ಬಾಲ್ಟಿಕ್ ಸಮುದ್ರ ಎದುರಾಗುವುದುಂಟು. ಫಿನ್ಲೆಂಡಿಗೆ ಸೇರಿದ, ಸ್ವೀಡಿಷ್ ಮಾತಾಡುವ ಅಲ್ಲಿನ ದ್ವೀಪಸಮೂಹಕ್ಕೂ ಅದೇ ಕಾಗುಣಿತ. ಮೊದಲ ಅಕ್ಷರದ ನೆತ್ತಿಯ ಮೇಲೆ ಅವರು ಒಂದು ಪುಟ್ಟ ಉಂಗುರ ಇಡುತ್ತಾರೆ, ಹುಡುಕುವ ಯಂತ್ರ ಅದನ್ನು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಆ ದ್ವೀಪಗಳಲ್ಲಿ ಇರುವುದು ಸುಮಾರು 30,000 ಜನ. ಕಲಬುರಗಿ ಜಿಲ್ಲೆಯ ಆಳಂದ ಪಟ್ಟಣವೊಂದರಲ್ಲೇ ಅದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಆದರೆ ಆ ದ್ವೀಪದವರಿಗೆ ಸ್ವಂತ ಬಾವುಟವಿದೆ, ಸ್ವಂತ ಅಂಚೆಚೀಟಿಯಿದೆ, 2006ರಿಂದ ಸ್ವಂತ ಡೊಮೇನ್ ಕೂಡ ಇದೆ.

ಅದೇ ಕಲಬುರಗಿ ಜಿಲ್ಲೆಯ ಅಫಜಲಪುರದ ಪಾಡೂ ಹೆಚ್ಚೇನೂ ಬೇರೆಯಲ್ಲ. ವಿಜಯಪುರದ ಅಂಚಿನಲ್ಲಿ ಅಫಜಲಖಾನನ ಹೆಸರಿನ ಅಫಜಲಪುರ ಟಕ್ಕೆ ಇದೆ. ಮಧ್ಯಪ್ರದೇಶದ ಮಂದಸೌರ್ ಜಿಲ್ಲೆಯಲ್ಲಿ ಮತ್ತೊಂದು ಅಫಜಲಪುರ. ಕಲಬುರಗಿ ಜಿಲ್ಲೆಯದೇ ಆದ ಜೇವರ್ಗಿಗೆ ಜೋಡಿ ಊರಿನ ಕಾಟವಿಲ್ಲ, ಕಾಗುಣಿತದ್ದಿದೆ. ಇಂಗ್ಲಿಷಿನಲ್ಲಿ ವಕಾರಕ್ಕೆ ಕೆಲವರು ವಿ ಬರೆದರೆ ಕೆಲವರು ಡಬ್ಲ್ಯು ಬರೆಯುತ್ತಾರೆ, ಅದರ ಮುಂದಿನ ಸ್ವರಕ್ಕೆ ಒಬ್ಬರದು ಎ, ಇನ್ನೊಬ್ಬರದು ಇ. ಒಂದೇ ಊರು, ನಾಲ್ಕು ವೇಷ.

ಈ ಗೊಂದಲಕ್ಕೆ ಇತಿಹಾಸವೂ ಕಾರಣ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ತಾಲ್ಲೂಕುಗಳ ಕಚೇರಿ ಭಾಷೆ ಉರ್ದು. ಊರ ಹೆಸರುಗಳು ಕನ್ನಡದ ಬಾಯಿಂದ ಉರ್ದುವಿನ ದಫ್ತರಕ್ಕೆ, ಅಲ್ಲಿಂದ ಇಂಗ್ಲಿಷ್ ನಕ್ಷೆಗಳಿಗೆ ದಾಟಿದವು. ಆಳಂದದ ಳಕಾರಕ್ಕೆ ಉರ್ದುವಿನಲ್ಲೂ ಜಾಗವಿಲ್ಲ, ಇಂಗ್ಲಿಷಿನಲ್ಲೂ ಇಲ್ಲ.

ಇಂಥ ಊರಿನ ಜಾತ್ರೆಯನ್ನೋ ಶಾಸನವನ್ನೋ ಕುರಿತು ಬ್ಲಾಗಿನಲ್ಲಿ ಬರೆದವರಿಗೆ ಸಿಗುವ ಮಾಮೂಲಿ ಸಲಹೆ ಒಂದೇ: ಒಳ್ಳೆಯ ಪ್ಲಗಿನ್ ಹಾಕಿ, ಥೀಮ್ ಬದಲಿಸಿ, ಗೂಗಲ್‌ನಲ್ಲಿ ಮೇಲೆ ಬರುತ್ತೀರಿ. ಈ ಸಲಹೆಗೆ ವಯಸ್ಸು ಎರಡು ದಶಕವಷ್ಟೇ. ಬರೆದದ್ದು ಮುಂದಿನವರ ಕೈಗೆ ಸಿಗುವಂತೆ ಗುರುತು ಹಾಕುವ ಕಸುಬು ಮಾತ್ರ ಈ ನೆಲದಲ್ಲಿ ಬಹಳ ಹಳೆಯದು.

ಹಾವೇರಿ ಜಿಲ್ಲೆಯ ಅಬ್ಬಲೂರಿನಲ್ಲಿ ಸುಮಾರು ಕ್ರಿ.ಶ. 1200ರ ಒಂದು ಶಾಸನವಿದೆ. ಜೈನರೊಂದಿಗೆ ವಾದ ಹೂಡಿ, ತಲೆಯನ್ನೇ ಕೊಯ್ದು ಶಿವನಿಗೆ ಒಪ್ಪಿಸಿ ಮರಳಿ ಪಡೆದನೆಂದು ಹೇಳಲಾಗುವ ಏಕಾಂತದ ರಾಮಯ್ಯನ ಕತೆ ಅದರಲ್ಲಿದೆ. ಪವಾಡವನ್ನು ನಂಬುವುದು ಬಿಡುವುದು ಓದುಗರ ಇಚ್ಛೆ. ಇಲ್ಲಿ ಗಮನಿಸಬೇಕಾದದ್ದು ಅದನ್ನು ಬರೆಸಿದವರ ಎಚ್ಚರ. ಕುಂತಳ ನಾಡು, ಅಲಂದೆ ಊರು, ಪುರುಷೋತ್ತಮಭಟ್ಟನ ಮಗ ಎಂದು ಅವರು ಮನುಷ್ಯನನ್ನು ಗುರುತಿಸಿಟ್ಟರು. ಅಷ್ಟು ವಿವರ ಇದ್ದುದರಿಂದಲೇ ಏಳು ಶತಮಾನಗಳ ನಂತರ ಶಾಸನ ಓದಿದ ಜೆ.ಎಫ್. ಫ್ಲೀಟ್ ಅಂಥವರು ಆ ಅಲಂದೆಯನ್ನು ಹೈದರಾಬಾದ್ ಸಂಸ್ಥಾನದ ಆಳಂದಕ್ಕೆ ಜೋಡಿಸಬಲ್ಲವರಾದರು.

ಜೇವರ್ಗಿಯ ಷಣ್ಮುಖಸ್ವಾಮಿಯ ಉದಾಹರಣೆ ಇನ್ನೂ ಚೆಂದ. 17ನೇ ಶತಮಾನದ ಈ ಶರಣ 700ಕ್ಕೂ ಹೆಚ್ಚು ವಚನಗಳನ್ನು ರಚಿಸಿದವನು. ಗುರು ಅಖಂಡೇಶ್ವರನ ಹೆಸರೇ ಅವನ ಅಂಕಿತ. ವಚನ ಯಾರ ಬಾಯಲ್ಲಿ ಎಲ್ಲಿಗೆ ಹೋದರೂ, ಯಾವ ಮಠದ ತಾಡೋಲೆಯ ಕಟ್ಟಿನಲ್ಲಿ ಬೇರೆಯವರ ವಚನಗಳ ಜೊತೆ ಬೆರೆತರೂ, ಕೊನೆಯಲ್ಲಿ ‘ಅಖಂಡೇಶ್ವರಾ’ ಎಂದಿದ್ದರೆ ಅದು ಜೇವರ್ಗಿಯದು. ವಿಜಯಪುರದಲ್ಲಿ ಕುಳಿತು ಹಸ್ತಪ್ರತಿ ಕಲೆಹಾಕಿದ ಫ.ಗು. ಹಳಕಟ್ಟಿಯವರಿಂದ ಹಿಡಿದು ವಚನಗಳನ್ನು ವಿಂಗಡಿಸಿದ ಸಂಪಾದಕರೆಲ್ಲ ಮೊದಲು ನೋಡಿದ್ದು ಅಂಕಿತವನ್ನೇ. ಇಂದಿನ ಬ್ಲಾಗಿಗರು ಟ್ಯಾಗ್ ಎನ್ನುವುದನ್ನು ವಚನಕಾರರು ರಚನೆಯ ಒಳಗೇ ಹೊಸೆದಿಟ್ಟಿದ್ದರು, ಕಿತ್ತು ಬೇರೆ ಮಾಡಲು ಬಾರದ ಹಾಗೆ.

ಅಂಚೆ ಇಲಾಖೆಯವರು ಇದೇ ಸಮಸ್ಯೆಯನ್ನು ಅಂಕಿಗಳಿಂದ ಬಗೆಹರಿಸಿದರು. ಸಂಸ್ಕೃತ ಕವಿಯೂ ಆಗಿದ್ದ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ರೂಪಿಸಿದ ಪಿನ್‌ಕೋಡ್ 1972ರ ಆಗಸ್ಟ್ 15ರಂದು ಜಾರಿಗೆ ಬಂತು. ಅಫಜಲಪುರಕ್ಕೆ 585301, ಆಳಂದಕ್ಕೆ 585302, ಜೇವರ್ಗಿಗೆ 585310 ಸಿಕ್ಕವು. ಕಾಗುಣಿತ ತಪ್ಪಿದರೂ ಕಾಗದ ತಪ್ಪದು. ಪುಟದ ಅಡಿಯಲ್ಲಿ ಈ ಆರು ಅಂಕಿಗಳನ್ನು ಬರೆದಿಟ್ಟರೆ ಫಿನ್ಲೆಂಡಿನ ಗೊಂದಲ ಬಹಳಮಟ್ಟಿಗೆ ತಪ್ಪೀತು. ದುಬಾರಿ ಪ್ಲಗಿನ್ ಕೊಳ್ಳುವವರಲ್ಲಿ ಎಷ್ಟು ಜನಕ್ಕೆ ಇದು ಹೊಳೆದಿದೆಯೋ!

ಕನ್ನಡದ ಮಟ್ಟಿಗೆ ದೊಡ್ಡ ತೊಡಕು ಶುರುವಾದದ್ದು ಕಂಪ್ಯೂಟರ್ ಬಂದ ಮೇಲೆ. ಯು.ಬಿ. ಪವನಜರ ‘ವಿಶ್ವಕನ್ನಡ’ 1996ರಲ್ಲೇ ಅಂತರ್ಜಾಲಕ್ಕೆ ಬಂದಿತ್ತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಹೊಸ ಶತಮಾನದ ಆರಂಭದಲ್ಲಿ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಡಿಟಿಪಿ ಅಂಗಡಿಗಳವರ ಬೆರಳಿಗೆ ಅಂಟಿತು. ಪರದೆಯ ಮೇಲೆ ಕನ್ನಡ ಕಂಗೊಳಿಸಿತು, ಯಂತ್ರದ ಹೊಟ್ಟೆಯಲ್ಲಿ ಮಾತ್ರ ಅದು ಕನ್ನಡವಾಗಿರಲಿಲ್ಲ. ಆ ಕಾಲದ ನುಡಿ ಫಾಂಟಿನಲ್ಲಿ ‘ಆಳಂದ’ ಎಂದು ಬರೆದರೆ ಒಳಗೆ ಕೂರುತ್ತಿದ್ದದ್ದು ಆಕಾರದ ಜಾಗದಲ್ಲಿ ಇಂಗ್ಲಿಷಿನ ಡಿ, ಸೊನ್ನೆಗೆ ಎ, ದಕಾರಕ್ಕೆ ಝಡ್, ನಡುನಡುವೆ ಯುರೋಪಿನ ಯಾವ್ಯಾವುದೋ ಅಕ್ಷರ. ಆ ಅಕ್ಷರಗಳಿಗೆ ಫಾಂಟ್ ಕನ್ನಡದ ಅಂಗಿ ತೊಡಿಸುತ್ತಿತ್ತು. ಓದುಗನಿಗೆ ಅಂಗಿ ಕಾಣುತ್ತಿತ್ತು, ಹುಡುಕುವ ಯಂತ್ರಕ್ಕೆ ಒಳಗಿನ ಕಲಸುಮೇಲೋಗರ. ಹಾಗಾಗಿ ಆ ಕಾಲದ ಎಷ್ಟೋ ಕನ್ನಡ ಪುಟಗಳು ಜಾಲದಲ್ಲಿದ್ದೂ ಹುಡುಕಾಟಕ್ಕೆ ಸಿಗದೆ ಉಳಿದವು.

ಮದ್ದು ಆಗಲೇ ಇತ್ತು. 1991ರ ಯೂನಿಕೋಡ್ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಸ್ವಂತ ಸಂಕೇತಗಳಿದ್ದವು. ಅದನ್ನು ಪರದೆಯ ಮೇಲೆ ಸರಿಯಾಗಿ ತೋರಿಸುವ ಏರ್ಪಾಡು ಮನೆಮನೆಯ ಯಂತ್ರಕ್ಕೆ ಬಂದದ್ದು ಮಾತ್ರ 2001ರ ವಿಂಡೋಸ್ ಎಕ್ಸ್‌ಪಿ, ಅದರ ಜೊತೆಗಿದ್ದ ತುಂಗಾ ಫಾಂಟಿನಿಂದ. 2003ರಲ್ಲಿ ಕನ್ನಡ ವಿಕಿಪೀಡಿಯ, 2005ರಲ್ಲಿ ಹರಿಪ್ರಸಾದ್ ನಾಡಿಗರ ‘ಸಂಪದ’, 2007ರಲ್ಲಿ ಜಿ.ಎನ್. ಮೋಹನ್ ಅವರ ‘ಅವಧಿ’ ಬಂದವು. ಅವಧಿ ಮೊದಲಿಗೆ ನಡೆದದ್ದು ಬ್ಲಾಗ್ ತಂತ್ರಾಂಶ ವರ್ಡ್‌ಪ್ರೆಸ್‌ನ ಉಚಿತ ಜಾಗದಲ್ಲಿ. ಕನ್ನಡದಲ್ಲಿ ಬರೆದದ್ದನ್ನು ಕನ್ನಡದಲ್ಲೇ ಹುಡುಕಿ ತೆಗೆಯುವುದು ಹೀಗೆ ರೂಢಿಗೆ ಬಂತು. ಕನ್ನಡ ಲಿಪಿಯಲ್ಲಿ ‘ಆಳಂದ’ ಎಂದು ಬರೆದವನಿಗೆ ಬಾಲ್ಟಿಕ್ ಸಮುದ್ರದ ಭಯವಿಲ್ಲ.

ಪ್ಲಗಿನ್ ಎಂಬ ಕಸುಬೂ ಇದೇ ವರ್ಷಗಳ ಕೂಸು. 2003ರ ಮೇ 27ರಂದು ಮ್ಯಾಟ್ ಮುಲ್ಲೆನ್‌ವೆಗ್ ಮತ್ತು ಮೈಕ್ ಲಿಟಲ್ ವರ್ಡ್‌ಪ್ರೆಸ್‌ನ ಮೊದಲ ಆವೃತ್ತಿ ಹೊರತಂದರು. 2004ರಲ್ಲಿ ಅದಕ್ಕೆ ಪ್ಲಗಿನ್ ಜೋಡಿಸುವ ಸೌಕರ್ಯ, 2005ರಲ್ಲಿ ಥೀಮ್ ಬದಲಿಸುವ ಸೌಕರ್ಯ ಸೇರಿತು. 2007ರಲ್ಲಿ ‘ಆಲ್ ಇನ್ ಒನ್ ಎಸ್‌ಇಒ’, 2010ರಲ್ಲಿ ಡಚ್ಚರ ಯೋಸ್ಟ್ ಡಿ ಫಾಲ್ಕ್ ಬರೆದ ‘ಯೋಸ್ಟ್’ ಬಂದವು. ಪುಟದ ಶೀರ್ಷಿಕೆ, ಎರಡು ಸಾಲಿನ ವಿವರಣೆ, ಯಾವ ಪುಟ ಎಲ್ಲಿದೆ ಎಂದು ಯಂತ್ರಕ್ಕೆ ತಿಳಿಸುವ ಸೈಟ್‌ಮ್ಯಾಪ್: ಇವನ್ನು ಒಪ್ಪ ಮಾಡಿಕೊಡುವುದು ಈ ಪ್ಲಗಿನ್‌ಗಳ ಕೆಲಸ. ಉಪಯುಕ್ತವೇ, ಅನುಮಾನವಿಲ್ಲ. ಆದರೆ ಇವನ್ನು ಹೊಲಿದದ್ದು ಇಂಗ್ಲಿಷಿನ ಅಳತೆಗೆ.

ಆ ಅಳತೆ ಕನ್ನಡಕ್ಕೆ ಎಲ್ಲೆಲ್ಲಿ ಬಿಗಿಯಾಗುತ್ತದೆ ಎಂದು ನೋಡಬೇಕು. ವರ್ಡ್‌ಪ್ರೆಸ್ ಲೇಖನದ ತಲೆಬರಹದಿಂದಲೇ ಪುಟದ ವಿಳಾಸ ಕಟ್ಟುತ್ತದೆ. ಕನ್ನಡದ ಒಂದೊಂದು ಚಿಹ್ನೆಯೂ ವಿಳಾಸದಲ್ಲಿ ಶೇಕಡಾ ಗುರುತು, ಅಂಕಿ, ಅಕ್ಷರ ಸೇರಿ ಒಂಬತ್ತು ಸ್ಥಾನ ಹಿಡಿಯುತ್ತದೆ. ‘ಆಳಂದ’ ಎಂಬುದಕ್ಕೇ 36 ಬೇಕು. ದತ್ತಸಂಚಯದಲ್ಲಿ ವಿಳಾಸಕ್ಕೆ ಮೀಸಲಾದ ಜಾಗ 200 ಸ್ಥಾನ. ಅಂದರೆ ಇಪ್ಪತ್ತೆರಡು ಚಿಹ್ನೆಗಳಾಚೆಗೆ ತಲೆಬರಹ ಕತ್ತರಿಗೆ ಬೀಳುತ್ತದೆ. ಅಫಜಲಪುರ ತಾಲ್ಲೂಕಿನ ದತ್ತಕ್ಷೇತ್ರದ ಬಗ್ಗೆ ‘ದೇವಲ ಗಾಣಗಾಪುರದ ದತ್ತ ಜಯಂತಿ’ ಎಂದು ಬರೆದವರ ವಿಳಾಸ, ಪದಗಳ ನಡುವಿನ ಅಡ್ಡಗೆರೆಗಳೂ ಸೇರಿ, ಜಯಂತಿಯ ಕೊನೆಯ ಗುಡಿಸಿಗೆ ಜಾಗವಿಲ್ಲದೆ ಮುಗಿಯುತ್ತದೆ. ಹೀಗಾಗಿ ಬಲ್ಲ ಬ್ಲಾಗಿಗರು ವಿಳಾಸವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ತಾವೇ ಚುಟುಕಾಗಿ ಬರೆಯುತ್ತಾರೆ. ಆಗ ಜೇವರ್ಗಿಗೆ ವಿಯೋ ಡಬ್ಲ್ಯುವೋ ಎಂಬ ಹಳೆಯ ಜಗಳ ಮತ್ತೆ ಹಾಜರ್.

ಯೋಸ್ಟ್ ಕೆಂಪು, ಕಿತ್ತಳೆ, ಹಸಿರು ದೀಪಗಳಿಂದ ಬರಹಕ್ಕೆ ಅಂಕ ಕೊಡುತ್ತದೆ. ಮುಖ್ಯ ಪದ ‘ಜೇವರ್ಗಿ’ ಎಂದು ಕೊಟ್ಟರೆ ಲೇಖನದಲ್ಲಿ ಅದೆಷ್ಟು ಸಲ ಬಂದಿದೆ ಎಂದು ಎಣಿಸುತ್ತದೆ. ಕನ್ನಡದ ಬರಹಗಾರ ಬರಿಯ ‘ಜೇವರ್ಗಿ’ ಎಂದು ಬರೆಯುವುದೇ ಅಪರೂಪ. ಅವನದು ಜೇವರ್ಗಿಯಲ್ಲಿ, ಜೇವರ್ಗಿಯಿಂದ, ಜೇವರ್ಗಿಯವರು. ಇಂಗ್ಲಿಷಿನ ಪದರೂಪಗಳನ್ನು ಗುರುತಿಸಲು ಕಲಿತ ಪ್ಲಗಿನ್‌ಗೆ ಕನ್ನಡದ ವಿಭಕ್ತಿಗಳ ಪಾಠವಾಗಿಲ್ಲ. ದೀಪ ಹಸಿರಾಗಲೆಂದು ಪ್ರತ್ಯಯ ಕಿತ್ತು ಬರೆದರೆ ವಾಕ್ಯ ಕುಂಟುತ್ತದೆ. ಕೆಂಪು ದೀಪವನ್ನು ಲೆಕ್ಕಿಸದೆ ನೆಟ್ಟಗೆ ಬರೆಯುವುದೇ ಲೇಸು, ಏಕೆಂದರೆ ಆ ದೀಪ ಪ್ಲಗಿನ್‌ನದೇ ಹೊರತು ಗೂಗಲ್‌ನದಲ್ಲ.

ಥೀಮ್‌ಗಳದು ಇನ್ನೊಂದು ಕತೆ. ರೋಮನ್ ಅಕ್ಷರಗಳಿಗೆ ಹದವಾದ ಸಾಲಿನ ಅಂತರದಲ್ಲಿ ಕನ್ನಡದ ಒತ್ತಕ್ಷರಗಳು ಕೆಳಸಾಲಿನ ಗುಡಿಸು, ತಲೆಕಟ್ಟುಗಳಿಗೆ ಡಿಕ್ಕಿ ಹೊಡೆಯುತ್ತವೆ. ಚೆಂದಕ್ಕೆಂದು ಅಕ್ಷರಗಳ ನಡುವೆ ಜಾಗ ಬಿಟ್ಟರೆ ಪದ ಚದುರುತ್ತದೆ. ಓದಲಾಗದ ಪುಟದಿಂದ ಓದುಗ ಹಿಂದೆ ಸರಿಯುತ್ತಾನೆ. 2015ರ ಏಪ್ರಿಲ್‌ನಲ್ಲಿ ಗೂಗಲ್ ಮೊಬೈಲಿಗೆ ಒಗ್ಗುವ ಪುಟಗಳಿಗೆ ಆದ್ಯತೆ ಕೊಡತೊಡಗಿತು. ಮರುವರ್ಷ ಜಿಯೊ ಬಂದು ಹಳ್ಳಿಯ ಕೈಗಳಿಗೂ ಅಗ್ಗದ ಡೇಟಾ ಸಿಕ್ಕಿತು. ಭೀಮೆಯ ದಂಡೆಯ ಊರುಗಳಲ್ಲಿ ಹೆಚ್ಚಿನವರ ಅಂತರ್ಜಾಲವೆಂದರೆ ಫೋನೇ. ಭಾರವಾದ ಚಿತ್ರಪಟ್ಟಿ, ಒಂದರ ಮೇಲೊಂದು ಫಾಂಟು ಹೇರಿದ ಥೀಮ್ ಅಲ್ಲಿ ತೆರೆಯುವ ಮೊದಲೇ ಸೋಲುತ್ತದೆ.

ಈ ಕಸುಬಿನಲ್ಲಿ ಕಳ್ಳದಾರಿಗಳೂ ಇದ್ದವು. ಬಿಳಿ ಹಿನ್ನೆಲೆಯಲ್ಲಿ ಬಿಳಿ ಅಕ್ಷರಗಳಿಂದ ಪದಗಳನ್ನು ತುಂಬುವುದು, ಕಣ್ಣಿಗೆ ಕಾಣದ ಪದಪಟ್ಟಿ ಅಂಟಿಸುವುದು ಹಳೆಯ ಚಾಳಿ. ಅಂಥ ಪದಪಟ್ಟಿಯನ್ನು ತಾನು ನೋಡುವುದೇ ಇಲ್ಲ ಎಂದು ಗೂಗಲ್ 2009ರಲ್ಲಿ ಹೇಳಿತು. 2011ರ ‘ಪಾಂಡಾ’ ಬದಲಾವಣೆ ಹುಡುಕಾಟಕ್ಕೆಂದೇ ಹೆಣೆದ ಟೊಳ್ಳು ಪುಟಗಳನ್ನು ಕೆಳಗೆ ತಳ್ಳಿತು. ಆದರೂ ಎಲ್ಲವೂ ಹೋಗಲಿಲ್ಲ ಎಂಬುದು ಕನ್ನಡಿಗರಿಗೆ 2021ರ ಜೂನ್‌ನಲ್ಲಿ ಕಹಿಯಾಗಿ ತಿಳಿಯಿತು. ಭಾರತದ ಅತಿ ಕುರೂಪ ಭಾಷೆ ಯಾವುದು ಎಂಬ ಪ್ರಶ್ನೆಗೆ ಗೂಗಲ್ ಎಲ್ಲಕ್ಕಿಂತ ಮೇಲಿನ ಚೌಕಟ್ಟಿನಲ್ಲಿ ಕನ್ನಡದ ಹೆಸರು ತೋರಿಸಿತು. ಯಾವುದೋ ಅನಾಮಿಕ ಪುಟದ ಸಾಲನ್ನು ಯಂತ್ರ ಎತ್ತಿ ಗದ್ದುಗೆಯ ಮೇಲಿಟ್ಟಿತ್ತು. ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಾನೂನು ಕ್ರಮದ ಎಚ್ಚರಿಕೆ ಕೊಟ್ಟರು, ಗೂಗಲ್ ಸಾಲನ್ನು ತೆಗೆದು ಕ್ಷಮೆ ಕೇಳಿತು. ಮೇಲಿನ ಸ್ಥಾನಕ್ಕೂ ನಿಜಕ್ಕೂ ನಂಟು ಎಷ್ಟು ತೆಳ್ಳಗಿರಬಹುದು ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಹಟ ತೊಟ್ಟು ಮಾಡಿದ ಒಂದು ಒಳ್ಳೆಯ ಕೆಲಸವೂ ಇದೆ. ಓ.ಎಲ್. ನಾಗಭೂಷಣಸ್ವಾಮಿ, ವಸುಧೇಂದ್ರ, ಓಂಶಿವಪ್ರಕಾಶ್ ಮೊದಲಾದವರು ಕೂಡಿ ಕಟ್ಟಿದ ‘ವಚನ ಸಂಚಯ’ 20,000ಕ್ಕೂ ಹೆಚ್ಚು ವಚನಗಳನ್ನು ಯೂನಿಕೋಡ್ ಕನ್ನಡದಲ್ಲಿ ಹುಡುಕಲು ತೆರೆದಿಟ್ಟಿತು. ಒಂದು ಪದ ಯಾವ ವಚನಕಾರರಲ್ಲಿ ಎಷ್ಟು ಸಲ ಬಂದಿದೆ ಎಂಬುದು ಅಲ್ಲಿ ಕ್ಷಣದಲ್ಲಿ ಸಿಗುತ್ತದೆ. ‘ಅಖಂಡೇಶ್ವರಾ’ ಎಂದು ಹುಡುಕಿದವರ ಮುಂದೆ ಜೇವರ್ಗಿಯ ಷಣ್ಮುಖಸ್ವಾಮಿ ಸಾಲುಸಾಲಾಗಿ ನಿಲ್ಲುತ್ತಾನೆ.

ಆದರೆ ಹುಡುಕುವವರೆಲ್ಲ ಕನ್ನಡದಲ್ಲೇ ಹುಡುಕುವುದಿಲ್ಲ. ಗಾಣಗಾಪುರಕ್ಕೆ ಬರುವ ಭಕ್ತರಲ್ಲಿ ಬಹುಪಾಲು ಮಹಾರಾಷ್ಟ್ರದವರು. ಅವರು ಮರಾಠಿಯಲ್ಲಿ ಹುಡುಕುತ್ತಾರೆ, ರೈಲಿನಲ್ಲಿ ಬಂದರೆ ‘ಗಾಣಗಾಪುರ ರೋಡ್’ ನಿಲ್ದಾಣದಲ್ಲಿ ಇಳಿಯುತ್ತಾರೆ. ಕನ್ನಡದಲ್ಲಿ ಮಾತ್ರ ಬರೆದ ಪುಟ ಅವರಿಗೆ ಸಿಗುವುದು ಕಷ್ಟ. ಹೆಸರಿನ ಬದಲಾವಣೆ ಇನ್ನೊಂದು ತೊಡಕು. 2014ರ ನವೆಂಬರ್ 1ರಂದು ಗುಲ್ಬರ್ಗ ಅಧಿಕೃತವಾಗಿ ಕಲಬುರಗಿಯಾಯಿತು, ವಿಶ್ವವಿದ್ಯಾಲಯ ಗುಲ್ಬರ್ಗ ಎಂದೇ ಉಳಿಯಿತು. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದ ವಿಳಾಸದಲ್ಲಿ ಕಲಬುರಗಿ ಇದೆ. ಜಿಲ್ಲೆಯ ಬಗ್ಗೆ ಬರೆಯುವವರು ಎರಡೂ ಹೆಸರನ್ನು ಪುಟದಲ್ಲಿ ಒಂದೊಂದು ಸಲವಾದರೂ ಬರೆಯಲೇಬೇಕು.

ತತ್ವಪದಕಾರ ಕಡಕೋಳ ಮಡಿವಾಳಪ್ಪನ ಜಾಡು ಹಿಡಿಯುವವರಿಗೆ ಎರಡು ಹೆಸರೂ ಸಾಲವು. ಅವನು ಹುಟ್ಟಿದ ಬಿದನೂರು ಅಫಜಲಪುರ ತಾಲ್ಲೂಕಿನದು. ನೆಲೆನಿಂತ ಕಡಕೋಳವನ್ನು ಹಳೆಯ ಪುಸ್ತಕಗಳೂ ಹಳೆಯ ಜಾಲಪುಟಗಳೂ ಜೇವರ್ಗಿ ತಾಲ್ಲೂಕಿಗೆ ಸೇರಿಸುತ್ತವೆ. 2018ರಲ್ಲಿ ಯಡ್ರಾಮಿ ಹೊಸ ತಾಲ್ಲೂಕಾಗಿ ಬೇರೆಯಾದಾಗ ಕಡಕೋಳವೂ ಅದರ ಜೊತೆ ಹೋಯಿತು.