ಪ್ರಸವದ ಗಾಯಕ್ಕೊಂದು ಆಸರೆ
ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ಹಳ್ಳಿಗಳಲ್ಲಿ ಸೂಲಗಿತ್ತಿಯ ಕೈಮೀರಿದ ಹೆರಿಗೆಗೆ ವೈದ್ಯರ ನೆರವು ದುರ್ಲಭವಾಗಿದ್ದ ಕಾಲದಲ್ಲಿ, 1910ರಲ್ಲಿ, ಮೆಥೊಡಿಸ್ಟ್ ಮಿಷನ್ನಿನವರು ಕೋಲಾರದಲ್ಲಿ ಎಲೆನ್ ಥೋಬರ್ನ್ ಕೋವೆನ್ ಸ್ಮಾರಕ ಆಸ್ಪತ್ರೆಯನ್ನು ಸ್ಥಾಪಿಸಿದುದು, 1885ರ ಡಫರಿನ್ ನಿಧಿಯಿಂದ ದೇಶದಲ್ಲಿ ಬಲಗೊಂಡಿದ್ದ ಸ್ತ್ರೀಚಿಕಿತ್ಸಾ ಪ್ರಯತ್ನಗಳ ಸಾಲಿಗೇ ಸೇರತಕ್ಕದ್ದು.

ಅಂಥ ನೆರವು ಸಿಗದೆ ಪ್ರಸವವು ದಿನಗಟ್ಟಲೆ ತಡೆದಾಗ ಶಿಶುವಿನ ಶಿರಸ್ಸು ತಾಯಿಯ ಮೂತ್ರಕೋಶವನ್ನು ಎಲುಬಿಗೊತ್ತುವುದರಿಂದ, ರಕ್ತಸಂಚಾರ ನಿಂತ ಭಾಗವು ಕೊಳೆತು ರಂಧ್ರವಾಗುವುದು. ಆಮೇಲೆ ಹಗಲಿರುಳೂ ಮೂತ್ರ ಸೋರಿ, ಒಗೆದ ಸೀರೆ ಆರುವ ಮೊದಲೇ ಉಟ್ಟ ಸೀರೆ ನೆನೆಯುವುದು. ಇದನ್ನು ಅವಳ ದೋಷವೆಂದು ಬಗೆದ ಸಮಾಜದ ಕ್ರೌರ್ಯವನ್ನು ನಾನು ಕ್ಷಮಿಸಲಾರೆ.

1974ರಲ್ಲಿ ವೈದ್ಯರಾದ ಹ್ಯಾಮ್ಲಿನ್ ದಂಪತಿಗಳು ಇಥಿಯೋಪಿಯದ ಆಡಿಸ್ ಅಬಾಬದಲ್ಲಿ ಇಂಥ ಗಾಯದ ಸ್ತ್ರೀಯರಿಗಾಗಿಯೇ ಉಚಿತ ಆಸ್ಪತ್ರೆಯನ್ನು ತೆರೆದರು. ರಂಧ್ರಕ್ಕೆ ಹೊಲಿಗೆ ಹಾಕಿದ ಮೇಲೂ ಸುಮಾರು ಎರಡು ವಾರ ಕೊಳವೆಯ ಮೂಲಕ ಮೂತ್ರವನ್ನು ಹೊರಹರಿಸಬೇಕಾದುದರಿಂದ, ಕೂಲಿ ಕಳೆದುಕೊಂಡ ಬಡವಿಗೆ ಶಸ್ತ್ರಕ್ರಿಯೆಯಷ್ಟೇ ಹಾಸಿಗೆ, ಗಂಜಿ, ಊರಿಗೆ ಮರಳುವ ದಾರಿಖರ್ಚುಗಳೂ ಆವಶ್ಯಕವಾಗುವುವು.