ಇಸ್ಪೀಟಲ್ಲಿ ದಶಾವತಾರ (ಭಾಗ 6)

1760ರ ದಶಕದ ಜಪಾನ್. ಸುಜುಕಿ ಹರುನೊಬು ಚೀನೀ ಕಾವ್ಯದ 'ಎಂಟು ನೋಟ'ಗಳನ್ನ ಮರದ ಅಚ್ಚಲ್ಲಿ ಮನೆಯೊಳಗೆ ತಂದ. ದೇಗುಲದ ಸಂಜೆಗಂಟೆ ಇರಬೇಕಾದ ಕಡೆ ಗಡಿಯಾರ, ಚಂದ್ರನ ಜಾಗದಲ್ಲಿ ಕನ್ನಡಿ! ಮೂಲ ಗೊತ್ತಿದ್ರೆ ಮಾತ್ರ ನಗು ಬರತ್ತೆ. ಇದಕ್ಕೆ ಅಲ್ಲಿ 'ಮಿತಾತೆ' ಅಂತಾರೆ.

ನಮ್ಮಲ್ಲೂ ಇದಕ್ಕೆ ಹತ್ತಿರದ್ದೊಂದಿದೆ ಗುರು, ಅಚ್ಚಲ್ಲ, ಕೈಯಲ್ಲಿ ಬರೆದದ್ದು: ಮೈಸೂರು ಗಂಜೀಫಾ. ದಶಾವತಾರದ ಕಟ್ಟಲ್ಲಿ 120 ಎಲೆ, ಒಂದೊಂದು ಅವತಾರಕ್ಕೆ 12. ರಾಜ, ಮಂತ್ರಿ, ಆಮೇಲೆ ಒಂದರಿಂದ ಹತ್ತು. ಮತ್ಸ್ಯದ ಐದು ಅಂದ್ರೆ ಐದು ಮೀನು, ಅಷ್ಟೇ. ಹಗಲಲ್ಲಿ ಆಡಿದ್ರೆ ಆಟ ಶುರು ಮಾಡೋದು ರಾಮ, ರಾತ್ರಿಯಾದ್ರೆ ಕೃಷ್ಣ. ಒಬ್ಬ ಸೂರ್ಯವಂಶ, ಇನ್ನೊಬ್ಬ ಚಂದ್ರವಂಶ. ಕಥೆ ಕೇಳಿ ಬೆಳೆದವರಿಗೆ ರೂಲ್ಸ್ ಬಾಯಿಪಾಠ ಮಾಡೋ ಕಷ್ಟವೇ ಇಲ್ಲ.

ಇದರ ಹುಚ್ಚು ಜೋರಾಗಿ ಹಿಡಿದಿದ್ದು ಮುಮ್ಮಡಿ ಕೃಷ್ಣರಾಜ ಒಡೆಯರಿಗೆ. 'ಶ್ರೀತತ್ತ್ವನಿಧಿ'ಯ ಕೊನೇ ಭಾಗ ಕೌತುಕನಿಧಿಯಲ್ಲಿ ಅವರ ಆಟಗಳಿವೆ. ಚಾಮುಂಡೇಶ್ವರಿ ಛದಕ್ಕೆ 320 ಎಲೆ! (ಕಲಸೋದು ಹೆಂಗೆ?) 1831ರಲ್ಲಿ ಬ್ರಿಟಿಷರು ಅವರಿಂದ ಆಡಳಿತ ಕಿತ್ಕೊಂಡ್ರು, 1868ರಲ್ಲಿ ತೀರಿಕೊಳ್ಳೋವರೆಗೂ ವಾಪಸ್ ಸಿಗಲಿಲ್ಲ. ರಾಜನ ಎಲೆ ಕೈಗೆ ಬಂದಾಗ ಅವರಿಗೆ ಏನನ್ನಿಸ್ತಿತ್ತೋ.

ನಮ್ಮ ಕಾಲದಲ್ಲಿ ಈ ಕಲೆಗೆ ಮತ್ತೆ ಜೀವ ಕೊಟ್ಟಿದ್ದು ಗಂಜೀಫಾ ರಘುಪತಿ ಭಟ್ಟರು. ಫ್ರೇಮ್ ಹಾಕಿಸಿ ಗೋಡೆಗೆ ನೇತುಹಾಕೋರು ಇದ್ದಾರೆ. ಕೂತು ಆಡೋರು ನನಗಂತೂ ಇನ್ನೂ ಸಿಕ್ಕಿಲ್ಲ. ನಿಮ್ಮನೇಲಿ ಯಾರಾದ್ರೂ ಇದ್ರೆ ಹೇಳಿ, ಎಲೆ ಹಂಚೋಕೆ ನಾನು ರೆಡಿ.