ಯಂತ್ರ ಬಾಯಿಬಿಟ್ಟ ಕಥೆ: ಬನಹಟ್ಟಿಯ ಮಗ್ಗದಿಂದ ರಾಸ್ಪ್‌ಬೆರಿ ಪೈ ತನಕ

ರಬಕವಿ-ಬನಹಟ್ಟಿಯ ಓಣಿಗೆ ಕಾಲಿಟ್ಟರೆ ಮೊದಲು ಕೇಳೋದು ಪವರ್‌ಲೂಮ್ ಸದ್ದು. ಜಮಖಂಡಿ, ಮುಧೋಳ, ಬೀಳಗಿ ಕಡೆ ಹೊರಟರೆ ಕಬ್ಬಿನ ಟ್ರ್ಯಾಕ್ಟರ್ ಸಾಲು, ಸಕ್ಕರೆ ಕಾರ್ಖಾನೆಯ ಚಿಮಣಿ. ಇವತ್ತು ನಾನು ಹೇಳಹೊರಟಿರೋದು ಇಂಥ ಯಂತ್ರಗಳು ಮಾತು ಕಲಿತ ಇತಿಹಾಸ.

ಮಗ್ಗದಿಂದಲೇ ಶುರು ಮಾಡೋಣ. 1804ರಲ್ಲಿ ಫ್ರಾನ್ಸಿನ ಜೋಸೆಫ್ ಮರಿ ಜಕಾರ್ಡ್ ಮಗ್ಗಕ್ಕೆ ತೂತಿನ ಕಾರ್ಡು ಜೋಡಿಸಿದ. ತೂತು ಇದ್ದಲ್ಲಿ ಹಾಸಿನ ಎಳೆ ಮೇಲೇಳುತ್ತೆ, ಇಲ್ಲದಲ್ಲಿ ಏಳಲ್ಲ. ಒಂದು ಕಾರ್ಡು, ಒಂದು ಹೊಕ್ಕು. ಸೀರೆಯ ಸೆರಗಿನಲ್ಲಿ ಹೂವು ಮೂಡಿಸೋ ಈ 'ಹೌದು-ಇಲ್ಲ'ದ ಲೆಕ್ಕವೇ ಮುಂದೆ ಕಂಪ್ಯೂಟರಿಗೂ ಬಂತು. ಆದರೆ ಆ ಮಗ್ಗ ಹೇಳಿದ್ದನ್ನು ಕೇಳುತ್ತಿತ್ತು ಅಷ್ಟೇ, ತಿರುಗಿ ಏನೂ ಹೇಳುತ್ತಿರಲಿಲ್ಲ.

ಉತ್ತರ ಕೊಡೋ ಯಂತ್ರ ಬರಲು ಬಹಳ ಕಾಲ ಹಿಡಿಯಿತು. 1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ, ರಿಲೇಗಳ ಗೋಜಲು ವೈರಿಂಗ್ ಬದಲು ಪ್ರೋಗ್ರಾಂ ಮಾಡಬಹುದಾದ ಒಂದು ನಿಯಂತ್ರಕ ಪೆಟ್ಟಿಗೆಯನ್ನು ಯೋಚಿಸಿದರು. ಅದೇ ಪಿಎಲ್‌ಸಿ. ಅದನ್ನು ತಯಾರಿಸಿದ ಮಾಡಿಕಾನ್ ಕಂಪನಿ 1979ರಲ್ಲಿ 'ಮಾಡ್‌ಬಸ್' ಅನ್ನೋ ಮಾತಿನ ನಿಯಮ ತಂದಿತು. ನಿಯಮ ಸರಳ: ಒಬ್ಬರು ಕೇಳಬೇಕು, ಯಾರ ನಂಬರು ಕರೆದರೋ ಅವರು ಮಾತ್ರ ಉತ್ತರಿಸಬೇಕು. ಶಾಲೆಯ ಹಾಜರಿ ಇದ್ದಂಗೆ! 1ರಿಂದ 247ರವರೆಗೆ ನಂಬರು ಕೊಡಬಹುದು. ಈ ನಿಯಮವನ್ನು ಮುಚ್ಚಿಡದೆ ಪ್ರಕಟಿಸಿದ್ದರಿಂದ ಬೇರೆ ಬೇರೆ ಕಂಪನಿಗಳ ಮೀಟರು, ಮೋಟರ್ ಡ್ರೈವ್‌ಗಳೂ ಅದನ್ನೇ ಕಲಿತವು.

2012ರಲ್ಲಿ ಅಂಗೈಯಗಲದ ರಾಸ್ಪ್‌ಬೆರಿ ಪೈ ಬಂತು. ಆಗ ಅದರ ಬೆಲೆ 35 ಡಾಲರ್ ಇತ್ತು. ಅದಕ್ಕೆ ಮಾಡ್‌ಬಸ್ ಕಲಿಸೋದು 'ಲಿಬ್‌ಮಾಡ್‌ಬಸ್', ಸ್ಟೆಫಾನ್ ರ‍್ಯಾಂಬೋ ಬರೆದ ಉಚಿತ ಲೈಬ್ರರಿ. 'ಸುಡೊ ಆಪ್ಟ್ ಇನ್‌ಸ್ಟಾಲ್ ಲಿಬ್‌ಮಾಡ್‌ಬಸ್-ಡೆವ್' ಅಂತ ಕೊಟ್ಟರೆ ಇಳಿಯುತ್ತೆ. ಒಂದು ಯುಎಸ್‌ಬಿ-ಆರ್‌ಎಸ್485 ಅಡಾಪ್ಟರ್ ಹಾಕಿ, ಮೀಟರಿನ ಎ, ಬಿ ತಂತಿ ಸೇರಿಸಿ. ವೇಗ, ಪ್ಯಾರಿಟಿ, ಮೀಟರಿನ ನಂಬರು ಎರಡೂ ಕಡೆ ಒಂದೇ ಇರಲಿ. ಇನ್ನೊಂದು ಮಾತು: ಕೈಪಿಡಿಯಲ್ಲಿ 40001 ಅಂತಿದ್ದರೆ ಲೈಬ್ರರಿಗೆ ಸಾಮಾನ್ಯವಾಗಿ 0 ಅಂತ ಹೇಳಬೇಕು. ಒಂದು ಕಡೆ ಎಣಿಕೆ 1ರಿಂದ, ಇನ್ನೊಂದು ಕಡೆ ಸೊನ್ನೆಯಿಂದ!

ಇದೆಲ್ಲ ಯಾಕೆ ಬೇಕು ಅಂತೀರಾ? ಕಬ್ಬು ಬೆಳೆಯೋರನ್ನು ಕೇಳಿ, ತೂಕದ ಸೇತುವೆಯ ಮೇಲೆ ಮೂಡೋ ಒಂದು ಅಂಕಿಯಲ್ಲಿ ವರ್ಷದ ದುಡಿಮೆ ಇರುತ್ತೆ. ನಾಲ್ಕು ಮಗ್ಗ ಇಟ್ಟುಕೊಂಡ ನೇಕಾರರಿಗೂ ಅಷ್ಟೇ. ಯಾವ ಮಗ್ಗ ಎಷ್ಟು ಕರೆಂಟ್ ತಿಂತು, ಎಷ್ಟು ಹೊತ್ತು ಸುಮ್ಮನೆ ನಿಂತಿತ್ತು ಅನ್ನೋ ಲೆಕ್ಕ ತಮ್ಮ ಕೈಯಲ್ಲೇ ಇದ್ದರೆ ಅದರ ಬಲವೇ ಬೇರೆ.

ಒಂದು ಎಚ್ಚರಿಕೆ. ಮಾಡ್‌ಬಸ್ ಹುಟ್ಟಿದ ಕಾಲಕ್ಕೆ ಕಾರ್ಖಾನೆಯ ತಂತಿ ಕಾರ್ಖಾನೆಯೊಳಗೇ ಇರುತ್ತಿತ್ತು. ಹಾಗಾಗಿ ಅದಕ್ಕೆ ಪಾಸ್‌ವರ್ಡೇ ಇಲ್ಲ. ಕೇಳಿದವರಿಗೆಲ್ಲ ಉತ್ತರಿಸುತ್ತೆ, ಆಜ್ಞೆ ಕೊಟ್ಟರೆ ಪಾಲಿಸುತ್ತೆ. ಅದನ್ನು ನೇರವಾಗಿ ಇಂಟರ್ನೆಟ್‌ಗೆ ಬಿಡಬೇಡಿ. ಯಂತ್ರದ ಮಾತು ಯಂತ್ರದ ಮಾಲೀಕರಿಗೆ ಮೊದಲು ಕೇಳಲಿ.